ಮಲಿಕ್ ಅಂಬರ್: ಗುಲಾಮನಾಗಿ ಬಂದು ದಖ್ಖನ್ ಆಳಿದವನು

ಕಳೆದ ವರ್ಷ ನಮ್ಮ ಕಾಲೇಜಿನ ಶೈಕ್ಷಣಿಕ ಪ್ರವಾಸ ವಿಜಯಪುರಕ್ಕೆ ಹೋಗಿದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಬೈಲಹೊಂಗಲದಿಂದ ನಸುಕಿನಲ್ಲಿ ಹೊರಟ ನಮ್ಮ ಬಸ್ಸು ಸವದತ್ತಿ, ರಾಮದುರ್ಗ ದಾಟಿ ಸಾಗಿತು. ಗೋಳಗುಮ್ಮಟ ನೋಡಿ ಮಧ್ಯಾಹ್ನದ ಹೊತ್ತಿಗೆ ಇಬ್ರಾಹಿಂ ರೋಜಾಕ್ಕೆ ಬಂದೆವು. ಈ ಕಟ್ಟಡದ ಕೆಲಸದ ಉಸ್ತುವಾರಿ ಮಲಿಕ್ ಸಂದಲ್ ಎಂಬ ಅಧಿಕಾರಿಯದಾಗಿತ್ತು, ಅವನು ಆಫ್ರಿಕಾ ಮೂಲದ ಹಬಶಿ ಎಂದು ಅಲ್ಲಿದ್ದ ಗೈಡ್ ಹೇಳಿದರು.

ನಮ್ಮ ತರಗತಿಯಲ್ಲಿ ಒಬ್ಬ ಸಿದ್ದಿ ಗೆಳೆಯನಿದ್ದಾನೆ. ಖಾನಾಪುರ ಕಡೆಯ ಕಾಡಂಚಿನ ಊರಿನವನು, ಹಾಸ್ಟೆಲಿನಲ್ಲಿದ್ದು ಓದುತ್ತಾನೆ. ಗೈಡ್ ಮಾತು ಮುಗಿಸುತ್ತಿದ್ದಂತೆ ನಮ್ಮಲ್ಲೊಬ್ಬ ಅವನ ಕಡೆ ತಿರುಗಿ, ನಿನ್ನ ಅಜ್ಜ ಕಟ್ಟಿಸಿದ್ದೇನೋ ಎಂದು ಕೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನು ನಗಲಿಲ್ಲ. ಆ ಜನ ಇಲ್ಲಿಗೆ ಹೇಗೆ ಬಂದರು, ಆಮೇಲೆ ಏನಾದರು ಎಂದು ಗೈಡನ್ನೇ ಕೇಳಿದ. ಗೈಡಿಗೆ ಮುಂದಿನ ಗುಂಪು ಕಾಯುತ್ತಿತ್ತು. ಉತ್ತರ ಸಿಗಲಿಲ್ಲ.

ನಾನು ವಾಣಿಜ್ಯ ವಿಭಾಗದವನು. ಹತ್ತನೆಯ ತರಗತಿ ಮುಗಿದ ಮೇಲೆ ಇತಿಹಾಸದ ಕಪಾಟಿನ ಹತ್ತಿರ ಹೋಗಿರಲಿಲ್ಲ. ಆ ಪ್ರಶ್ನೆಯಿಂದಾಗಿ ಹೋದೆ. ಹುಡುಕುತ್ತ ಹೋದಂತೆ ಮಲಿಕ್ ಸಂದಲ್‌ಗಿಂತ ದೊಡ್ಡ ಹೆಸರೊಂದು ಸಿಕ್ಕಿತು. ಅದು ಮಲಿಕ್ ಅಂಬರ್. ಅವನ ಕಥೆಯನ್ನು ನನಗೆ ತಿಳಿದಷ್ಟು ನಿಮ್ಮ ಮುಂದಿಡುತ್ತೇನೆ.

ಅಂಬರ್ ಹುಟ್ಟಿದ್ದು 1548ರ ಸುಮಾರಿಗೆ, ಇಥಿಯೋಪಿಯಾದಲ್ಲಿ. ಅರಬರು ಆ ನಾಡನ್ನು ಹಬಶ್ ಎಂದು ಕರೆಯುತ್ತಿದ್ದರು, ಅಲ್ಲಿಂದ ಬಂದವರು ಹಬಶಿಗಳು. ಹಜರತ್ ಬಿಲಾಲ್ ಕೂಡ ಹಬಶಿ ಎಂಬುದನ್ನು ನಮ್ಮ ಮನೆಗಳಲ್ಲಿ ಚಿಕ್ಕ ಮಕ್ಕಳೂ ಬಲ್ಲರು. ಅಂಬರ್‌ನ ಮೊದಲ ಹೆಸರು ಚಾಪು. ಹುಡುಗನಿದ್ದಾಗಲೇ ಅವನು ಗುಲಾಮರ ವ್ಯಾಪಾರಿಗಳ ಕೈ ಸೇರಿದ. ಕೆಂಪು ಸಮುದ್ರ ದಾಟಿಸಿ ಅವನನ್ನು ಯೆಮನ್ ದೇಶದ ಮೋಖಾ ಬಂದರಿಗೆ ತಂದರು. ಅಲ್ಲಿ ಅವನು 80 ಗಿಲ್ಡರಿಗೆ ಮಾರಾಟವಾದನೆಂದು ಮುಂದೆ ಅವನನ್ನು ಕಣ್ಣಾರೆ ಕಂಡ ಡಚ್ ವ್ಯಾಪಾರಿ ಪೀಟರ್ ವಾನ್ ಡೆನ್ ಬ್ರೂಕ್ ಬರೆದಿಟ್ಟಿದ್ದಾನೆ.

ಈ ಸಾಲು ಓದಿದಾಗ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ. ನಾವು ಲೆಕ್ಕಶಾಸ್ತ್ರದಲ್ಲಿ ಯಂತ್ರ, ಪೀಠೋಪಕರಣ, ಸರಕುಗಳನ್ನು ಸ್ವತ್ತು ಎಂದು ಬರೆಯುತ್ತೇವೆ. ಒಂದು ಕಾಲದಲ್ಲಿ ನನ್ನ ವಯಸ್ಸಿಗಿಂತ ಚಿಕ್ಕ ಹುಡುಗನೊಬ್ಬ ಯಾರದೋ ಲೆಕ್ಕದ ಪುಸ್ತಕದಲ್ಲಿ ಹಾಗೆಯೇ ಒಂದು ಸಾಲಾಗಿದ್ದ.

ಚಾಪು ಕೈಯಿಂದ ಕೈಗೆ ದಾಟಿ ಬಾಗ್ದಾದ್ ಸೇರಿದ. ಅಲ್ಲಿ ಮೀರ್ ಖಾಸಿಂ ಎಂಬ ವ್ಯಾಪಾರಿ ಅವನನ್ನು ಕೊಂಡ. ಹುಡುಗ ಬುದ್ಧಿವಂತ ಎಂಬುದನ್ನು ಗಮನಿಸಿದ ಖಾಸಿಂ ಅವನಿಗೆ ಓದು ಬರಹ ಕಲಿಸಿದ. ಅಲ್ಲಿಯೇ ಅವನು ಇಸ್ಲಾಂ ಸ್ವೀಕರಿಸಿದ, ಅಂಬರ್ ಎಂಬ ಹೆಸರು ಪಡೆದ. ಹಾಗೆಂದು ಅವನೇನೂ ಸ್ವತಂತ್ರನಾಗಲಿಲ್ಲ. 1570ರ ದಶಕದ ಆರಂಭದಲ್ಲಿ ಅದೇ ಖಾಸಿಂ ಅವನನ್ನು ದಖ್ಖನ್‌ಗೆ ಕರೆತಂದು ಮತ್ತೆ ಮಾರಿದ. ಕೊಂಡವನು ಅಹಮದ್‌ನಗರದ ನಿಜಾಮ್‌ಶಾಹಿ ರಾಜ್ಯದ ಪೇಶ್ವೆ, ಅಂದರೆ ಪ್ರಧಾನ ಮಂತ್ರಿ, ಚಂಗೀಜ್ ಖಾನ್.

ದಖ್ಖನ್‌ನ ಸುಲ್ತಾನರು ಅಷ್ಟು ದೂರದಿಂದ ಗುಲಾಮರನ್ನು ಏಕೆ ತರಿಸುತ್ತಿದ್ದರು? ಕಾರಣ ಸರಳ. ಇಲ್ಲಿನ ಸರದಾರರಿಗೆ ಮನೆತನವಿತ್ತು, ಬಂಧುಬಳಗವಿತ್ತು, ಅವರು ಯಾವಾಗ ಬೇಕಾದರೂ ತಿರುಗಿ ಬೀಳಬಹುದಿತ್ತು. ಪರದೇಶದಿಂದ ಒಂಟಿಯಾಗಿ ಬಂದ ಹುಡುಗನಿಗೆ ಧಣಿಯೇ ಎಲ್ಲ. ಅದಕ್ಕಾಗಿ ಅವರಿಗೆ ಕುದುರೆ ಸವಾರಿ, ಯುದ್ಧ, ಆಡಳಿತ ಕಲಿಸಿ ಸೈನ್ಯದಲ್ಲಿ ಇಟ್ಟುಕೊಳ್ಳುತ್ತಿದ್ದರು. ಧಣಿ ತೀರಿಕೊಂಡ ಮೇಲೆ ಇಂಥವರು ಹೆಚ್ಚಾಗಿ ಬಿಡುಗಡೆ ಹೊಂದುತ್ತಿದ್ದರು, ಇಲ್ಲಿಯೇ ಮದುವೆಯಾಗಿ ದಖ್ಖನಿಗಳಾಗುತ್ತಿದ್ದರು. ಅಮೆರಿಕದ ಹತ್ತಿ ಹೊಲಗಳಲ್ಲಿ ತಲೆಮಾರುಗಟ್ಟಲೆ ಮುಂದುವರಿದ ಗುಲಾಮಗಿರಿಗೂ ಇದಕ್ಕೂ ಇದು ವ್ಯತ್ಯಾಸ. ಆದರೆ ತಾಯಿಯಿಂದ ಮಗುವನ್ನು ಕಿತ್ತು ಮಾರುವುದು ಎರಡೂ ಕಡೆ ಒಂದೇ ಆಗಿತ್ತು.

ಇಲ್ಲಿ ಅಂಬರ್ ಒಂದು ಅಚ್ಚರಿಯನ್ನು ಕಂಡಿರಬೇಕು. ಅವನನ್ನು ಕೊಂಡ ಚಂಗೀಜ್ ಖಾನ್ ಕೂಡ ಹಬಶಿಯೇ, ಹಿಂದೊಮ್ಮೆ ಗುಲಾಮನಾಗಿದ್ದವನೇ. ತನ್ನಂಥ ಮುಖದ, ತನ್ನಂತೆಯೇ ಮಾರಾಟವಾದ ಮನುಷ್ಯನೊಬ್ಬ ಇಡೀ ರಾಜ್ಯದ ಆಡಳಿತ ನಡೆಸುವುದನ್ನು ಅವನು ಹತ್ತಿರದಿಂದ ನೋಡಿದ. ದಿವಾನರ ಕೆಲಸ ಹೇಗೆ ನಡೆಯುತ್ತದೆ, ಹಣ ಎಲ್ಲಿಂದ ಬರುತ್ತದೆ, ಸೈನ್ಯಕ್ಕೆ ಹೇಗೆ ಸಂಬಳ ಹೋಗುತ್ತದೆ ಎಂಬುದನ್ನೆಲ್ಲ ಕಲಿಯಲು ಅದೇ ಅವನ ಕಾಲೇಜು. ಕೆಲವೇ ವರ್ಷಗಳಲ್ಲಿ, 1575ರ ಹೊತ್ತಿಗೆ, ಚಂಗೀಜ್ ಖಾನ್ ತೀರಿಕೊಂಡ. ಅವನ ಹೆಂಡತಿ ಅಂಬರ್‌ನನ್ನು ಬಿಡುಗಡೆ ಮಾಡಿದಳು.

ಬಿಡುಗಡೆ ಸಿಕ್ಕಿತು, ಆದರೆ ಕೆಲಸವಿಲ್ಲ, ಊರಿಲ್ಲ. ಮುಂದಿನ ಸುಮಾರು 20 ವರ್ಷ ಅವನು ಅಲ್ಲಿ ಇಲ್ಲಿ ಚಾಕರಿ ಮಾಡಿದ. ಅದರಲ್ಲಿ ಬಹುಕಾಲ ಕಳೆದದ್ದು ಬಿಜಾಪುರದಲ್ಲಿ. ನಮ್ಮ ಈ ಸೀಮೆಯೂ ಆಗ ಬಿಜಾಪುರದ ಆದಿಲ್‌ಶಾಹಿಗಳ ಆಳ್ವಿಕೆಯಲ್ಲಿತ್ತು. ಎರಡನೆಯ ಇಬ್ರಾಹಿಂ ಆದಿಲ್ ಶಾ ಇನ್ನೂ ಬಾಲಕನಾಗಿದ್ದಾಗ ಅಲ್ಲಿ ದಿಲಾವರ್ ಖಾನ್ ಎಂಬ ಹಬಶಿಯೇ 1582ರಿಂದ ಸುಮಾರು 8 ವರ್ಷ ರಾಜ್ಯಭಾರ ನಡೆಸಿದ್ದ. ಅಂಬರ್‌ಗೆ ಮಲಿಕ್ ಎಂಬ ಬಿರುದು ಬಂದದ್ದು ಬಿಜಾಪುರದ ಸೇವೆಯಲ್ಲಿ. ಆದರೂ ತನ್ನ ಜನರನ್ನು ಸಾಕುವಷ್ಟು ಹಣ ಅಲ್ಲಿ ಸಿಗಲಿಲ್ಲ. 1595ರ ಸುಮಾರಿಗೆ ಅವನು ಸುಮಾರು 150 ಸವಾರರೊಂದಿಗೆ ಅಹಮದ್‌ನಗರಕ್ಕೆ ಮರಳಿದ. ಆಗ ಅವನಿಗೆ ಹತ್ತಿರ ಹತ್ತಿರ 50 ವರ್ಷ. ನಮ್ಮ ಮನೆಗಳಲ್ಲಿ ಆ ವಯಸ್ಸಿನವರು ಇನ್ನೇನು ಮಕ್ಕಳ ಮದುವೆ ಮುಗಿಸಿ ಕೂರೋಣ ಎನ್ನುತ್ತಾರೆ. ಅಂಬರ್‌ನ ನಿಜವಾದ ಬದುಕು ಶುರುವಾದದ್ದೇ ಆಮೇಲೆ.

ಆ ಹೊತ್ತಿಗೆ ಅಕ್ಬರನ ಮೊಘಲ್ ಸೈನ್ಯ ದಖ್ಖನ್ ಬಾಗಿಲಿಗೆ ಬಂದಿತ್ತು. ಬಿಜಾಪುರದ ಒಂದನೆಯ ಅಲಿ ಆದಿಲ್ ಶಾನ ವಿಧವೆ ಚಾಂದ್ ಬೀಬಿ ತನ್ನ ತವರಾದ ಅಹಮದ್‌ನಗರದ ಕೋಟೆಯನ್ನು ಧೈರ್ಯದಿಂದ ಕಾಪಾಡುತ್ತಿದ್ದಳು. 1600ರಲ್ಲಿ ತನ್ನವರಿಂದಲೇ ಅವಳು ಕೊಲೆಯಾದಳು, ಕೋಟೆ ಮೊಘಲರ ವಶವಾಯಿತು. ರಾಜ್ಯ ಮುಗಿಯಿತೆಂದು ಎಲ್ಲರೂ ಭಾವಿಸಿದರು. ಅಂಬರ್ ಹಾಗೆ ಭಾವಿಸಲಿಲ್ಲ. ಬಿಜಾಪುರದಲ್ಲಿ ಆಶ್ರಯ ಪಡೆದಿದ್ದ ರಾಜವಂಶದ ತರುಣನೊಬ್ಬನನ್ನು ಹುಡುಕಿ ತಂದು, ಎರಡನೆಯ ಮುರ್ತಜಾ ನಿಜಾಮ್ ಶಾ ಎಂದು ಪರಾಂಡಾದಲ್ಲಿ ಪಟ್ಟ ಕಟ್ಟಿದ. ತನ್ನ ಮಗಳನ್ನು ಅವನಿಗೆ ಕೊಟ್ಟು ಮದುವೆ ಮಾಡಿದ. ತಾನು ಪೇಶ್ವೆಯಾದ. ಅಂದಿನಿಂದ ಸಾಯುವವರೆಗೂ, ಸುಮಾರು ಕಾಲು ಶತಮಾನ, ಆ ರಾಜ್ಯವನ್ನು ನಡೆಸಿದವನು ಅವನೇ. ಆದರೆ ಒಂದು ದಿನವೂ ಸಿಂಹಾಸನದ ಮೇಲೆ ಕೂರಲಿಲ್ಲ.

ಸೈನ್ಯದ ಸಂಖ್ಯೆಯಲ್ಲಿ ಮೊಘಲರಿಗೆ ಸಮನಾಗುವುದು ಅವನಿಗೆ ಸಾಧ್ಯವಿರಲಿಲ್ಲ. ಅದಕ್ಕಾಗಿ ಅವನು ಈ ಮಣ್ಣಿನ ಜನರನ್ನು ಜೊತೆಗೆ ತೆಗೆದುಕೊಂಡ. ಮರಾಠಾ ಸವಾರರು ಸಾವಿರಗಟ್ಟಲೆ ಅವನ ಪಡೆಯಲ್ಲಿದ್ದರು. ಶಿವಾಜಿ ಮಹಾರಾಜರ ಅಜ್ಜ ಮಾಲೋಜಿ, ತಂದೆ ಶಹಾಜಿ ಇಬ್ಬರೂ ನಿಜಾಮ್‌ಶಾಹಿಯ ಸರದಾರರೇ. ಎದುರುಬದುರು ನಿಂತು ಕಾದುವ ಬದಲು ಬೆಟ್ಟಗಳ ಸಂದಿಯಿಂದ ಹಠಾತ್ತನೆ ಎರಗುವುದು, ಶತ್ರುವಿನ ಧಾನ್ಯ, ಮೇವು ಬರುವ ದಾರಿಯನ್ನು ಕತ್ತರಿಸುವುದು, ಅವರು ಬೆನ್ನಟ್ಟಿದರೆ ಮಾಯವಾಗುವುದು ಅವನ ರೀತಿ. ಇದನ್ನು ಬರ್ಗಿಗಿರಿ ಎನ್ನುತ್ತಿದ್ದರು. ಆಫ್ರಿಕಾದಿಂದ ಬಂದವನೂ ಘಟ್ಟದ ಹುಡುಗರೂ ಸೇರಿ ನಡೆಸಿದ ಈ ಯುದ್ಧದ ಎದುರು ಮೊಘಲರ ದೊಡ್ಡ ಸೇನಾಪತಿಗಳು ಮತ್ತೆ ಮತ್ತೆ ಹಿಂದಿರುಗಿದರು.

ಯುದ್ಧಕ್ಕಿಂತ ನನಗೆ ಹೆಚ್ಚು ಹಿಡಿಸಿದ್ದು ಅವನ ಕಂದಾಯದ ವ್ಯವಸ್ಥೆ. ಅದಕ್ಕೆ ಮೊದಲು ಊರಿನ ಕಂದಾಯವನ್ನು ಇಜಾರೆಗೆ ಕೊಡುವ ಪದ್ಧತಿ ಇತ್ತು. ಹೆಚ್ಚು ಹಣ ಕೊಡುತ್ತೇನೆಂದವನು ಇಜಾರೆ ಹಿಡಿದು, ರೈತರಿಂದ ಮನಬಂದಷ್ಟು ಹಿಂಡುತ್ತಿದ್ದ. ಅಂಬರ್ ಇದನ್ನು ತೆಗೆದುಹಾಕಿದ. ಭೂಮಿಯನ್ನು ಅದರ ಫಲವತ್ತತೆ ನೋಡಿ ವರ್ಗ ಮಾಡಿಸಿದ, ಬೆಳೆದ ಬೆಳೆಯ ಆಧಾರದ ಮೇಲೆ ಕಂದಾಯ ನಿಗದಿ ಮಾಡಿದ. ಬೈಲಹೊಂಗಲದ ಮಾರುಕಟ್ಟೆಯಲ್ಲಿ ಹತ್ತಿ ಚೀಲದ ಮೇಲೆ ಕುಳಿತು ದರಕ್ಕೆ ಕಾಯುವ ರೈತರನ್ನು ನೋಡುತ್ತ ಬೆಳೆದವನು ನಾನು. ಇಳುವರಿ ನೋಡದೆ ಲೆಕ್ಕ ಕೇಳುವವನಿಗೂ, ನೋಡಿ ಕೇಳುವವನಿಗೂ ಎಷ್ಟು ವ್ಯತ್ಯಾಸ ಎಂಬುದು ಇಲ್ಲಿ ಯಾರಿಗಾದರೂ ತಿಳಿಯುತ್ತದೆ.

1610ರಲ್ಲಿ ಅವನು ಖಡ್ಕಿ ಎಂಬ ಹಳ್ಳಿಯ ಜಾಗದಲ್ಲಿ ಹೊಸ ನಗರ ಕಟ್ಟಿಸಿದ. ನೆಲದಡಿಯ ಕಾಲುವೆಗಳ ಮೂಲಕ ಅಲ್ಲಿಗೆ ನೀರು ತರಿಸಿದ. ಅದಕ್ಕೆ ನಹರ್-ಎ-ಅಂಬರಿ ಎಂದು ಹೆಸರು. ಆ ಊರೇ ಮುಂದೆ ಔರಂಗಾಬಾದ್ ಆಯಿತು, ಈಗ ಛತ್ರಪತಿ ಸಂಭಾಜಿನಗರ. ಹೆಸರುಗಳು ಬದಲಾಗಿವೆ, ಊರು ಉಳಿದಿದೆ.

ಅಂಬರ್‌ನನ್ನು ಕೇವಲ ಹೊಗಳಿ ಈ ಲೇಖನ ಮುಗಿಸಿದರೆ ಅದು ಪ್ರಾಮಾಣಿಕತೆಯಲ್ಲ. ಅದೇ 1610ರಲ್ಲಿ ಅರಮನೆಯಲ್ಲಿ ಒಂದು ಜಗಳವಾಯಿತೆಂದು ಆ ಕಾಲದ ಬರಹ ಹೇಳುತ್ತದೆ. ಸುಲ್ತಾನನ ಹಿರಿಯ ಹೆಂಡತಿ ಪರ್ಷಿಯಾ ಮೂಲದವಳು. ಅವಳು ಅಂಬರ್‌ನ ಮಗಳನ್ನು ಗುಲಾಮರ ಹುಡುಗಿಯೆಂದು ಹೀಯಾಳಿಸಿದಳು. ಸುದ್ದಿ ತಂದೆಗೆ ಮುಟ್ಟಿತು. ಸ್ವಲ್ಪ ದಿನಗಳಲ್ಲೇ ರಾಣಿ ಮತ್ತು ಸುಲ್ತಾನ ಇಬ್ಬರೂ ವಿಷದಿಂದ ಸತ್ತರು, ಐದು ವರ್ಷದ ಮಗು ಪಟ್ಟಕ್ಕೆ ಬಂತು. ಇದನ್ನು ನಾನು ಸಮರ್ಥಿಸಲಾರೆ. ಆದರೆ ಒಂದು ವಿಷಯ ಗಮನಿಸಿ. ರಾಜ್ಯವನ್ನೇ ಉಳಿಸಿಕೊಟ್ಟವನ ಮಗಳಿಗೂ ಆ ಒಂದು ಮಾತು ತಪ್ಪಲಿಲ್ಲ. ಅಧಿಕಾರ ಕೈಗೆ ಬಂದಿತ್ತು, ಸಮಾನತೆ ಇನ್ನೂ ಬಂದಿರಲಿಲ್ಲ.

ಮೊಘಲ್ ಬಾದಷಹ ಜಹಾಂಗೀರನಿಗಂತೂ ಅಂಬರ್ ಹೆಸರು ಕೇಳಿದರೆ ಸಿಟ್ಟು. ತನ್ನ ಆಸ್ಥಾನದ ಪ್ರಸಿದ್ಧ ಕಲಾವಿದ ಅಬುಲ್ ಹಸನ್‌ನಿಂದ ಒಂದು ಚಿತ್ರ ಬರೆಸಿದ. ಅದರಲ್ಲಿ ಜಹಾಂಗೀರ್ ಭೂಗೋಳದ ಮೇಲೆ ನಿಂತು, ಈಟಿಗೆ ಚುಚ್ಚಿದ ಅಂಬರ್‌ನ ತಲೆಗೆ ಬಾಣ ಬಿಡುತ್ತಿದ್ದಾನೆ. ವಾಸ್ತವದಲ್ಲಿ ಅಂಥ ದಿನ ಎಂದೂ ಬರಲಿಲ್ಲ. 1616ರಲ್ಲಿ ಮೊಘಲರು ಅಂಬರ್‌ನನ್ನು ಸೋಲಿಸಿ ಖಡ್ಕಿಯನ್ನು ಸುಟ್ಟರು, ನಂತರ ಷಹಜಹಾನ್ ಆದ ಖುರ್ರಂ ಎರಡು ಬಾರಿ ಬಂದು ಅವನನ್ನು ಒಪ್ಪಂದಕ್ಕೆ ಎಳೆದ. ಪ್ರತಿ ಬಾರಿಯೂ ಅವನು ಮತ್ತೆ ಎದ್ದ. 1624ರಲ್ಲಿ ಮೊಘಲರೂ ಬಿಜಾಪುರದವರೂ ಒಂದಾಗಿ ಬಂದಾಗ, ಭಾತವಡಿಯಲ್ಲಿ ಕೆರೆಯ ಒಡ್ಡು ಒಡೆಸಿ ನೆಲವನ್ನೆಲ್ಲ ಕೆಸರು ಮಾಡಿ ಇಬ್ಬರನ್ನೂ ಸೋಲಿಸಿದ. ಅದೇ ಸಿಟ್ಟಿನಲ್ಲಿ ಬಿಜಾಪುರದವರೆಗೆ ಬಂದು, ಇಬ್ರಾಹಿಂ ಆದಿಲ್ ಶಾ ಆಸೆಯಿಂದ ಕಟ್ಟಿಸುತ್ತಿದ್ದ ನವರಸಪುರವನ್ನು ಹಾಳುಗೆಡವಿದ. ತನಗೆ ಬಿರುದು ಕೊಟ್ಟ ರಾಜ್ಯದ ಮೇಲೆಯೇ ಅವನು ಹೀಗೆ ಮಾಡಿದ್ದು ನನಗೆ ಬೇಸರ ತಂದಿತು.

1626ರ ಮೇ ತಿಂಗಳಲ್ಲಿ, ಸುಮಾರು 78ನೆಯ ವಯಸ್ಸಿನಲ್ಲಿ, ಅಂಬರ್ ತೀರಿಕೊಂಡ. ನಾವು ನೋಡಿ ಬಂದ ಇಬ್ರಾಹಿಂ ರೋಜಾ ಪೂರ್ಣಗೊಂಡದ್ದೂ ಅದೇ ಸುಮಾರಿಗೆ. ಅವನ ಗೋರಿ ಖುಲ್ದಾಬಾದ್‌ನಲ್ಲಿದೆ, ಹೆಂಡತಿ ಬೀಬಿ ಕರೀಮಾಳದೂ ಅಲ್ಲಿಯೇ. ಅವನ ಶತ್ರುಗಳ ಕಡೆಯ ಇತಿಹಾಸಕಾರ ಮುತಮದ್ ಖಾನ್ ಕೂಡ ಅವನ ಯುದ್ಧಕಲೆಯನ್ನೂ ಆಡಳಿತವನ್ನೂ ಮೆಚ್ಚಿ ಬರೆದ. ಮಗ ಫತೇ ಖಾನ್‌ಗೆ ತಂದೆಯ ಶಕ್ತಿ ಇರಲಿಲ್ಲ. 1633ರಲ್ಲಿ ದೌಲತಾಬಾದ್ ಕೋಟೆ ಮೊಘಲರ ಪಾಲಾಯಿತು.

ಇದು ಗೆಳೆಯನ ಪ್ರಶ್ನೆಯ ಮೊದಲ ಭಾಗಕ್ಕೆ ಉತ್ತರ. ಆಮೇಲೆ ಅವರೇನಾದರು ಎಂಬುದು ಎರಡನೆಯ ಭಾಗ. ಆಸ್ಥಾನ ಸೇರಿದ ಹಬಶಿಗಳು ದಖ್ಖನ್‌ನ ಜನರಲ್ಲಿ ಬೆರೆತುಹೋದರು. ಆದರೆ ಎಲ್ಲರಿಗೂ ಆಸ್ಥಾನ ಸಿಗಲಿಲ್ಲ. ಪೋರ್ಚುಗೀಸರು ಗೋವೆಗೆ ತಂದು ಮನೆಚಾಕರಿಗೆ ಇಟ್ಟುಕೊಂಡ ಆಫ್ರಿಕನ್ನರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಹಳಿಯಾಳ, ಯಲ್ಲಾಪುರ, ಖಾನಾಪುರ, ಕಲಘಟಗಿ ಕಡೆಯ ಸಿದ್ದಿಗಳ ಹಿರಿಯರಲ್ಲಿ ಬಹಳ ಮಂದಿ ಇಂಥವರು. ಇಂದು ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಕಿತ್ತೂರಿನಿಂದ ಆ ಕಾಡು ಬಹಳ ದೂರವೇನಲ್ಲ. ನಮ್ಮ ತಾಲೂಕಿನ ಸಂಗೊಳ್ಳಿ ರಾಯಣ್ಣನ ಪಡೆಯಲ್ಲಿ ಗಜವೀರನೆಂಬ ಸಿದ್ದಿ ಇದ್ದನೆಂದು ನಮ್ಮ ಕಡೆ ಹಿರಿಯರು ಹೇಳುತ್ತಾರೆ. ಕಿತ್ತೂರಿನ ಹೋರಾಟವನ್ನು ನಮ್ಮದೆಂದು ಹೆಮ್ಮೆಪಡುವ ನಾವು ಅವನ ಹೆಸರನ್ನು ಎಷ್ಟು ಸಲ ಹೇಳುತ್ತೇವೆ?

ಊರು ಬಿಟ್ಟು ಹೋಗುವುದರಿಂದ ಕಪ್ಪು ಜನರಿಗೆ ಅಧಿಕಾರ ಸಿಕ್ಕ ಇನ್ನೊಂದು ಕಥೆ ಅಮೆರಿಕದ್ದು. 1910ರಿಂದ 1970ರವರೆಗೆ ಅಲ್ಲಿ ಸುಮಾರು 60 ಲಕ್ಷ ಕಪ್ಪು ಜನರು ದಕ್ಷಿಣದ ರಾಜ್ಯಗಳನ್ನು ಬಿಟ್ಟು ಉತ್ತರ ಮತ್ತು ಪಶ್ಚಿಮದ ನಗರಗಳಿಗೆ ಹೋದರು. ದಕ್ಷಿಣದಲ್ಲಿ ಅವರಿಗೆ ಮತ ಹಾಕಲು ಬಿಡುತ್ತಿರಲಿಲ್ಲ, ಉತ್ತರದಲ್ಲಿ ಹಾಕಬಹುದಿತ್ತು. ಷಿಕಾಗೊ ನಗರದ ಒಂದು ಭಾಗದಲ್ಲಿ ಅವರು ಒಟ್ಟಾಗಿ ನೆಲೆಸಿದ್ದರಿಂದಲೇ 1928ರಲ್ಲಿ ಅಲ್ಲಿಂದ ಆಸ್ಕರ್ ಡಿ ಪ್ರೀಸ್ಟ್ ದೇಶದ ಸಂಸತ್ತಿಗೆ ಆಯ್ಕೆಯಾದರು. ಅವರೂ ಅಲಬಾಮಾದಲ್ಲಿ ಹುಟ್ಟಿ ವಲಸೆ ಬಂದವರೇ. 1983ರಲ್ಲಿ ಅದೇ ಷಿಕಾಗೊಗೆ ಹೆರಾಲ್ಡ್ ವಾಷಿಂಗ್ಟನ್ ಮೊದಲ ಕಪ್ಪು ಮೇಯರ್ ಆದರು. ಅಂಬರ್‌ಗೆ ಕತ್ತಿಯಿಂದ ಸಿಕ್ಕಿದ್ದು ಅವನೊಬ್ಬನಿಗೇ ಸಿಕ್ಕಿತು, ಮಗನ ಕಾಲಕ್ಕೆ ಕೈತಪ್ಪಿತು. ಇವರಿಗೆ ಮತದಿಂದ ಸಿಕ್ಕಿದ್ದು ಒಂದು ಸಮುದಾಯಕ್ಕೆ ಸಿಕ್ಕಿತು.

ನಮ್ಮ ಸಿದ್ದಿಗಳಿಗೆ ಆ ಬಾಗಿಲು ತೆರೆದದ್ದು ಬಹಳ ತಡವಾಗಿ. 2003ರಲ್ಲಿ ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. ನಮ್ಮ ಬೆಳಗಾವಿ ಮತ್ತು ಧಾರವಾಡ ಜಿಲ್ಲೆಯವರು ಅದಕ್ಕಾಗಿ 2020ರವರೆಗೆ ಕಾಯಬೇಕಾಯಿತು. ಒಂದೇ ಕಾಡು, ಒಂದೇ ಜನ, ನಡುವೆ ಜಿಲ್ಲೆಯ ಗಡಿ. ಅದೇ 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಕರ್ನಾಟಕದ ಶಾಸನಸಭೆಗೆ ಬಂದ ಮೊದಲ ಸಿದ್ದಿಯಾದರು. ಅಂಬರ್ ಸತ್ತು ಆಗ 394 ವರ್ಷಗಳಾಗಿದ್ದವು.

ನಮ್ಮ ಮನೆಯೂ ವಲಸೆಯದೇ. ಅಜ್ಜ ರಾಮದುರ್ಗದಲ್ಲಿ ಮಗ್ಗ ನೇಯುತ್ತಿದ್ದರು. ನೇಕಾರಿಕೆ ನಡೆಯದಾದಾಗ ಅಬ್ಬಾ ಬೈಲಹೊಂಗಲಕ್ಕೆ ಬಂದರು, ಚಿಕ್ಕಪ್ಪ ಗೋವೆಗೆ ದುಡಿಯಲು ಹೋದರು. ಮನೆಯಲ್ಲಿ ಉರ್ದು ಮಾತಾಡುವ ನನಗೆ, ನಿನ್ನ ಕನ್ನಡ ಪರವಾಗಿಲ್ಲವೇ, ಮೂಲ ಯಾವ ಊರು ಎಂದು ಕೇಳಿದವರಿದ್ದಾರೆ. ಆಗ ಎದೆಯಲ್ಲಿ ಸಣ್ಣಗೆ ಏನೋ ಚುಚ್ಚುತ್ತದೆ. ನಮ್ಮ ಬಸ್ ನಿಲ್ದಾಣದಲ್ಲಿ ಗೆಳೆಯನನ್ನು ಜನ ಮಾತಾಡಿಸುವುದು ಹಿಂದಿಯಲ್ಲಿ, ಕೆಲವರು ಇಂಗ್ಲಿಷಿನಲ್ಲಿ. ಅವನು ಕನ್ನಡದಲ್ಲಿ ಉತ್ತರ ಕೊಟ್ಟರೆ ಬೆರಗಾಗುತ್ತಾರೆ. ನನಗೆ ಅಪರೂಪಕ್ಕೆ ಆಗುವುದು ಅವನಿಗೆ ದಿನವೂ ಆಗುತ್ತದೆ. ಇದು ಗೊತ್ತಿದ್ದೂ ಇಬ್ರಾಹಿಂ ರೋಜಾದಲ್ಲಿ ನಾನು ನಕ್ಕಿದ್ದೆ.

ಈ ಲೇಖನ ಅಚ್ಚಿಗೆ ಕೊಡುವ ಮೊದಲು ಅವನಿಗೆ ಓದಲು ಕೊಟ್ಟೆ, ಅಂದು ನಕ್ಕದ್ದಕ್ಕೆ ಕ್ಷಮೆಯನ್ನೂ ಕೇಳಿದೆ. ಹೆಸರು ಹಾಕಬೇಡ ಎಂದ. ಪೂರ್ತಿ ಓದಿ, ಒಂದೇ ಒಂದು ಕಡೆ ಪೆನ್ನು ತೆಗೆದುಕೊಂಡ. ಶೀರ್ಷಿಕೆಯಲ್ಲಿ ಗುಲಾಮನಾಗಿ ಬಂದು ಎಂದಿರುವ ಕಡೆ, ಬಂದು ಎಂಬುದರ ಕೆಳಗೆ ಗೆರೆ ಎಳೆದು, ಅವನು ಬರಲಿಲ್ಲ, ಅವನನ್ನು ತಂದರು ಎಂದು ಪಕ್ಕದಲ್ಲಿ ಬರೆದ. ಅವನು ಹೇಳಿದ್ದು ಸರಿ. ಶೀರ್ಷಿಕೆಯನ್ನು ನಾನು ಹಾಗೆಯೇ ಬಿಟ್ಟಿದ್ದೇನೆ, ಓದುವ ನೀವೂ ಅದನ್ನು ನನ್ನಂತೆ ತಿದ್ದಿಕೊಳ್ಳಲಿ ಎಂದು.

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ